ಹರಡಿದ ಕೈಯೇ ಎತ್ತಬೇಕು

ಹೊಗಳಿ ಅಟ್ಟಕ್ಕೇರಿಸುವುದು ಅಂತ ಒಂದು ಮಾತಿದೆಯಲ್ಲ, ಗಂಜಾಂನ ಸಣ್ಣಯ್ಯನ ಮನೆಯಲ್ಲಿ ಅದನ್ನು ಬರೀ ಮಾತಿಗೆ ಬಿಡಲಿಲ್ಲ, ಮಾಡಿಯೇ ತೋರಿಸಿದರು. ಬಿಂಡಿಗನವಿಲೆಯಿಂದ ಸೊಸೆಯಾಗಿ ಬಂದ ಅನಿತಳ ಕೈಯನ್ನು ಮದುವೆಯಾದ ತಿಂಗಳಲ್ಲೇ ಹೊಗಳಿದರು, ಹೊಗಳಿ ಏಣಿ ಹತ್ತಿಸಿದರು. ಮೂರು ವರ್ಷವಾಯಿತು, ಹುಡುಗಿ ಸರಿಯಾಗಿ ಕೆಳಗಿಳಿದಿಲ್ಲ. ಉಣ್ಣುವುದಕ್ಕೆ, ಮಲಗುವುದಕ್ಕೆ ಇಳಿಯುತ್ತಿದ್ದಳು ಅನ್ನಿ. ಆದರೆ ಒಂದು ರಾತ್ರಿಯಾದರೂ ಬೇರೆ ಸೂರಿನ ಕೆಳಗೆ ಮಲಗಿದವಳಲ್ಲ. ಗೌರಿ ಹಬ್ಬಕ್ಕೆ ಕರೆಯಲು ಬಂದ ಅಣ್ಣ ಒಬ್ಬನೇ ವಾಪಸ್ಸು ಹೋಗಿದ್ದ. ಅಪ್ಪ ತೀರಿಕೊಂಡಾಗ ಬೆಳಗಿನ ಬಸ್ಸಿಗೆ ಹೋದವಳು, ಮಣ್ಣು ಮಾಡಿದ್ದೇ ತಡ, ಸಂಜೆ ಬಸ್ಸಿಗೆ ಬಂದುಬಿಟ್ಟಿದ್ದಳು. ಯಾಕೆಂದರೆ ಅಟ್ಟದ ಮೇಲೆ ಸಿಪ್ಪೆ ಇತ್ತು.

ಹಣ್ಣಿನ ಸಿಪ್ಪೆ ಒಣಗಿಸುವುದು ಆ ಮನೆಯ ಕಸುಬು. ಚಳಿಗಾಲಕ್ಕೆ ಕಿತ್ತಳೆ, ಬೇಸಿಗೆಗೆ ನಿಂಬೆ, ಮಳೆಗಾಲಕ್ಕೆ ದಾಳಿಂಬೆ. ಅನಿತಳ ಗಂಡ ರಾಮು ಬೆಳಗಾಗೆದ್ದು ಲೂನಾ ಹತ್ತಿ ಶ್ರೀರಂಗಪಟ್ಟಣದ ಜ್ಯೂಸ್ ಅಂಗಡಿಗಳನ್ನೂ ಮೈಸೂರಿನ ಮಾರ್ಕೆಟ್ಟನ್ನೂ ಸುತ್ತಿ ಗೋಣಿಚೀಲದಲ್ಲಿ ಹಸಿ ಸಿಪ್ಪೆ ತರುತ್ತಿದ್ದ. ಮಾವ ಸಣ್ಣಯ್ಯ ಅದರಲ್ಲಿ ಕೊಳೆತದ್ದನ್ನು ಆರಿಸಿ ಬಿಸಾಕುತ್ತಿದ್ದ. ಆಮೇಲಿನದೆಲ್ಲ ಅಟ್ಟದ ಕೆಲಸ. ಒಣಗಿದ ಮಾಲನ್ನು ಮೈಸೂರಿನಲ್ಲಿ ಆಯುರ್ವೇದದ ಔಷಧಿ ಮಾಡುವ ಮಹದೇವಸ್ವಾಮಿಯವರು ಬಂದು ಒಯ್ಯುತ್ತಿದ್ದರು. ಜೀರ್ಣದ ಚೂರ್ಣಕ್ಕೆ ಒಂದಿಷ್ಟು, ಮೈಗೆ ಹಚ್ಚುವ ಸ್ನಾನದ ಪುಡಿಗೆ ಒಂದಿಷ್ಟು.

ಸಿಪ್ಪೆ ಒಣಗಿಸುವುದೇನು ಮಹಾ ಅಂತ ಕೇಳುವವರು ಒಂದು ಸಲ ಒಣಗಿಸಿ ನೋಡಬೇಕು. ಕಿತ್ತಳೆ ಸಿಪ್ಪೆಯ ಹೊರಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಎಣ್ಣೆಯ ಗುಳ್ಳೆಗಳಿರುತ್ತವೆ. ಔಷಧಿ ಅನ್ನುವುದು ಇರುವುದೇ ಅಲ್ಲಿ. ಬಿಸಿಲಿಗೆ ಹಾಕಿದಿರೋ, ಎರಡೇ ದಿನಕ್ಕೆ ಗರಿಗರಿಯಾಗುತ್ತದೆ, ನಿಜ, ಆದರೆ ಬಣ್ಣ ಬಿಳುಚಿ ಘಮ ಗಾಳಿಗೆ ಹೋಗಿರುತ್ತದೆ. ಬೆಂಕಿಯ ಕಾವು ಕೊಟ್ಟರೆ ಕಂದಿ ಕಹಿಯಾಗುತ್ತದೆ. ಸಣ್ಣಯ್ಯ ಒಂದು ವರ್ಷ ಬೇಗ ಆಗಲಿ ಅಂತ ಪಾಂಡವಪುರದ ಕಡೆಯ ಆಲೆಮನೆಯೊಂದರಲ್ಲಿ ಬೆಲ್ಲದ ಒಲೆಯ ಪಕ್ಕ ಹರಡಿ ಬಂದಿದ್ದ. ಬಂದ ಮಾಲು ಹೊಗೆ ವಾಸನೆ ಹೊಡೆದು, ದನವೂ ಮೂಸದೆ, ಕೊನೆಗೆ ತಿಪ್ಪೆ ಸೇರಿತ್ತು. ಉಳಿದದ್ದು ನೆರಳು. ಬಿದಿರಿನ ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ, ಹೊತ್ತು ಹೊತ್ತಿಗೆ ಮಗುಚಿ, ಗಾಳಿ ಬರುವ ಕಡೆಗೆ ತಟ್ಟೆ ಸರಿಸುತ್ತ ಕಾಯಬೇಕು. ಒಂದು ದಿನ ಮೈಮರೆತರೆ ಬೂಷ್ಟು ಹಿಡಿಯುತ್ತದೆ. ಬಗ್ಗಿಸಿದರೆ ಬಗ್ಗಬಾರದು, ಟಕ್ಕನೆ ಮುರಿಯಬೇಕು, ಮುರಿದ ಅಂಚು ಮೂಗಿಗೆ ಹಿಡಿದರೆ ಹಣ್ಣು ಈಗಷ್ಟೇ ಸುಲಿದ ಹಾಗಿರಬೇಕು. ಅದು ಹದ.

ಆ ಹದ ಅನಿತಳ ಬೆರಳಿಗೆ ಗೊತ್ತಿತ್ತು. ಅತ್ತೆ ಸಿದ್ದಲಿಂಗಮ್ಮ ಮಂಡಿ ನೋವಿನಿಂದ ಏಣಿ ಹತ್ತಲಾರದೆ, ಯಾರಿಗೆ ವಹಿಸುವುದು ಅಂತ ಹುಡುಕುತ್ತಿದ್ದ ಕಾಲಕ್ಕೆ ಈ ಹುಡುಗಿ ಬಂದಳು. ಮೊದಲ ತಟ್ಟೆಯೇ ಮಹದೇವಸ್ವಾಮಿಯವರ ಕೈಯಲ್ಲಿ ‘ಭೇಷ್’ ಅನ್ನಿಸಿಕೊಂಡಿತು. ಅಲ್ಲಿಗೆ ಅವಳ ಕಥೆ ಮುಗಿಯಿತು. ಆ ಮನೆಯಲ್ಲಿ ತಲೆತಲಾಂತರದಿಂದ ಒಂದು ಕಟ್ಟಳೆ ಇತ್ತು: ಹರಡಿದ ಕೈಯೇ ಎತ್ತಬೇಕು. ನಡುವೆ ಇನ್ನೊಂದು ಕೈ ತಗುಲಿದರೆ ಸಿಪ್ಪೆ ಕೆಡುತ್ತದೆ. ಮೊದಲು ಕೈಯಿಟ್ಟವಳೇ ಕೊನೆಯವರೆಗೂ ಇರಬೇಕು ಅಂತ ಯಾವಳೋ ಬುದ್ಧಿವಂತ ಅಜ್ಜಿ ಹೇಳಿರಬೇಕು, ಒಬ್ಬಳಿಗಾದರೆ ಜವಾಬ್ದಾರಿ ಇರುತ್ತದೆ ಅಂತ. ಆದರೆ ಒಂದು ತಟ್ಟೆ ಎತ್ತುವಷ್ಟರಲ್ಲಿ ಇನ್ನೊಂದು ಹರಡಿರುತ್ತಿತ್ತು. ಹಾಗಾಗಿ ಕೊನೆ ಅನ್ನುವುದು ಬರುತ್ತಲೇ ಇರಲಿಲ್ಲ.

ಅಟ್ಟದಲ್ಲಿ ನೆಟ್ಟಗೆ ನಿಲ್ಲುವ ಹಾಗಿರಲಿಲ್ಲ. ಬೆಳಕಿಗೆ ಒಂದು ಗಾಜಿನ ಹೆಂಚು ಕೂಡ ಇಲ್ಲ, ಬಿಸಿಲು ಬಿದ್ದೀತು ಅಂತ. ಎರಡೂ ಬದಿ ಗೋಡೆಯ ತಲೆಯಲ್ಲಿ ಗಾಳಿಗೆ ಬಿಟ್ಟ ಸಂದು ಮಾತ್ರ. ನಿಮಿಷಾಂಬ ಗುಡಿಯ ಗಂಟೆ ಕೇಳುತ್ತಿತ್ತು, ಹೊಳೆಗೆ ಹೋಗುವ ಜನರ ಮಾತು ಕೇಳುತ್ತಿತ್ತು, ಏನೂ ಕಾಣುತ್ತಿರಲಿಲ್ಲ. ಅನಿತಳಿಗೆ ಸಿಪ್ಪೆಯ ಮೇಲೆ ದ್ವೇಷವಿರಲಿಲ್ಲ, ಪ್ರೀತಿಯೇ ಇತ್ತು. ದ್ವೇಷವಿದ್ದದ್ದು ತನ್ನ ಎರಡು ಕೈಗಳ ಮೇಲೆ.

ಅವಳು ಬಸುರಿಯಾದ ಮೇಲೂ ಕೆಲಸ ನಿಲ್ಲಲಿಲ್ಲ. ಬಸುರಿ ಹೆಂಗಸು ಏಣಿ ಹತ್ತಬಾರದು ಅಂತ ಊರಿಗೆಲ್ಲ ಗೊತ್ತು. ಸಣ್ಣಯ್ಯನಿಗೂ ಗೊತ್ತಿತ್ತು. ಅದಕ್ಕೇ ಏಣಿಯ ಪಕ್ಕ ಹಿಡಿದುಕೊಳ್ಳಲು ಒಂದು ಹಗ್ಗ ಕಟ್ಟಿಸಿದ. ನಾಲ್ಕು ಜನರ ಮುಂದೆ ಅದನ್ನು ತೋರಿಸಿ, ಸೊಸೆ ಅಂದರೆ ಮಗಳ ಥರ ನೋಡ್ಕೋಬೇಕು ಕಣಪ್ಪ ಅಂತಲೂ ಅಂದ.

ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು, ಅದು ಎಲ್ಲೆಲ್ಲೂ ಇರುವ ಪದ್ಧತಿ. ಏಳನೇ ತಿಂಗಳಲ್ಲಿ ಕರೆದುಕೊಂಡು ಹೋಗಬೇಕು, ಎಂಟರಲ್ಲಿ ಹೊಸಿಲು ದಾಟಿಸುವುದಿಲ್ಲ, ಒಂಬತ್ತರಲ್ಲಿ ಆ ರಸ್ತೆಯ ಬಸ್ಸಿಗೆ ಹತ್ತಿಸುವ ಧೈರ್ಯ ಯಾರಿಗೂ ಇರುವುದಿಲ್ಲ. ಏಳು ಹಿಡಿಯುತ್ತಿದ್ದ ಹಾಗೆ ಅನಿತಳ ತಾಯಿ ಮಾಯಮ್ಮ ಬಿಂಡಿಗನವಿಲೆಯಿಂದ ಹಸಿರು ಬಳೆ, ಸೀರೆ, ಎಳ್ಳಿನ ಚಿಗಳಿ ಉಂಡೆ ಹೊತ್ತುಕೊಂಡು ಬಂದಳು. ಬಳೆ ತೊಡಿಸಿದ್ದಾಯಿತು, ಮಡಿಲಕ್ಕಿ ತುಂಬಿದ್ದಾಯಿತು. ಮಗಳ ಬಟ್ಟೆ ಗಂಟು ಕಟ್ಟಲು ಹೋದಾಗ ಸಣ್ಣಯ್ಯ ಜಗಲಿಯ ಮೇಲಿಂದ ಕೆಮ್ಮಿದ.

“ಅಲ್ಲ ಕಣವ್ವ, ಅಟ್ಟದ್ ತುಂಬ ಮಾಲು ಅರಡ್ಬುಟ್ಟವ್ಳೆ. ನಡ್ವೆ ಎದ್ದೋದ್ರೆ ಎಂಗೆ? ಇದ್ ಒಂದ್ ಸಲದ್ದು ಎತ್ಬುಡ್ಲಿ, ನಾನೇ ಕಳಿಸ್ತೀನಿ.”

“ಏಳು ಕಳದ್ರೆ ಕಳ್ಸಾಂಗಿಲ್ವಲ್ಲಣ್ಣ.”

“ಕಳ್ಯದ್ರೊಳಗೆ ಕಳಿಸ್ತೀನಿ ಅಂತ ತಾನೆ ನಾನ್ ಯೇಳ್ತಿರದು.”

ಮಾಯಮ್ಮ ಅಳಿಯನ ಮುಖ ನೋಡಿದಳು. ರಾಮು ಒಳ್ಳೆಯವನು, ಅಪ್ಪ ಎದುರಿಗಿಲ್ಲದಾಗ. ಅವನು ಲೂನಾದ ಚೈನು ನೋಡುತ್ತ ಕೂತ. ಸಿದ್ದಲಿಂಗಮ್ಮ ಬಾಗಿಲ ಬಳಿ ನಿಂತಿದ್ದಳು, ಒಂದು ಮಾತೂ ಆಡಲಿಲ್ಲ. ಮಾಯಮ್ಮ ಬಂದ ಬಸ್ಸಿಗೇ ವಾಪಸ್ಸು ಹೋದಳು. ಅನಿತ ಅಟ್ಟದ ಮೇಲೆ ಕೂತು ಅತ್ತಳು, ಅಳುತ್ತಲೇ ತಟ್ಟೆ ಮಗುಚಿದಳು. ಇಲ್ಲಿ ಹೆತ್ತರೆ ಬಾಣಂತನ ಮಾಡುವವರು ಯಾರು? ಹನ್ನೊಂದು ದಿನ ಕಳೆಯುತ್ತಿದ್ದ ಹಾಗೆ ಏಣಿ ಹತ್ತಿಸುತ್ತಾರೆ, ಮಗು ಕೆಳಗೆ ಅಳುತ್ತಿರುತ್ತದೆ, ಹರಡಿದ ಕೈ ಎತ್ತದೆ ಇಳಿಯುವ ಹಾಗಿಲ್ಲ. ಈ ಏಳು ಕಳೆಯುವುದರೊಳಗೆ ಅವ್ವನ ಹತ್ತಿರ ಹೋಗಬೇಕು. ಬೇರೆ ಏನೂ ಬೇಡವಾಗಿತ್ತು ಅವಳಿಗೆ.

ಸಣ್ಣಯ್ಯ ಕೊಟ್ಟ ಮಾತು ಎಷ್ಟು ದಿನ ನಿಂತಿತೆಂದರೆ, ಮಹದೇವಸ್ವಾಮಿಯವರಿಂದ ಇನ್ನೂ ಹೆಚ್ಚು ಮಾಲು ಬೇಕು ಅಂತ ಹೇಳಿಕೆ ಬರುವ ತನಕ. ತಟ್ಟೆ ಖಾಲಿಯಾದ ದಿನವೇ ಹೊಸ ಚೀಲಗಳು ಬಂದವು. ಅನಿತ ಬೇಡ ಅನ್ನಬೇಕಿತ್ತು. ಅವಳು ಬಾಯಿ ತೆಗೆಯುವ ಮೊದಲೇ ಮಾವ, “ಬೇಗ್ ಅರಡ್ಬುಡವ್ವ, ಬೂಷ್ಟು ಇಡದ್ಬುಟ್ಟಾತು,” ಅಂದ. ಬೂಷ್ಟು ಅನ್ನುವ ಮಾತು ಕೇಳಿದ್ದೇ ಅವಳ ಕೈ ತಾನಾಗಿ ತಟ್ಟೆಗೆ ಹೋಯಿತು. ಹರಡಿ ಮುಗಿದ ಮೇಲೆ ತಾನೇನು ಮಾಡಿಕೊಂಡೆ ಅಂತ ಗೊತ್ತಾಯಿತು.

ಆ ವಾರವೇ ಕೆ.ಆರ್. ಪೇಟೆಯಲ್ಲಿ ಸಿದ್ದಲಿಂಗಮ್ಮನ ತಂಗಿ ಮಗಳ ಮದುವೆ. ಸಣ್ಣಯ್ಯ, ಸಿದ್ದಲಿಂಗಮ್ಮ, ರಾಮು ಮೂವರೂ ಹೊರಟರು. ಬಸುರಿ ಹೆಂಗಸು ಬಸ್ಸಿನಲ್ಲಿ ಕುಲುಕಬಾರದು ಅಂತ ಅನಿತಳನ್ನು ಬಿಟ್ಟರು. ಕುಲುಕಬಾರದವಳು ಏಣಿ ಹತ್ತಿ ಸಿಪ್ಪೆ ನೋಡಿಕೊಳ್ಳಬಹುದಿತ್ತು. ಎರಡು ದಿನ ಜೊತೆಗಿರಲು ಪಕ್ಕದ ಮನೆಯ ದ್ಯಾವಮ್ಮನಿಗೆ ಹೇಳಿ ಹೋದರು. ದ್ಯಾವಮ್ಮ ಗಂಡ ಇಲ್ಲದವಳು, ಮಜ್ಜಿಗೆ ಮಾರಿ ಜೀವನ ಮಾಡುವವಳು. ಗಂಜಾಂನಲ್ಲಿ ಅನಿತಳನ್ನು “ಉಂಡ್ಯಾ ಮಗಳೆ” ಅಂತ ಕೇಳುತ್ತಿದ್ದವಳು ಅವಳೊಬ್ಬಳೇ.

ಅವರು ಹೋದ ಬೆಳಿಗ್ಗೆ ಅನಿತ ಅಟ್ಟದ ಮೇಲೆ ಕೂತು ತನ್ನ ಅಂಗೈ ನೋಡಿಕೊಂಡಳು. ಇವರು ನನ್ನನ್ನು ಹಿಡಿದಿಟ್ಟಿರುವುದು ಈ ಕೈ ಒಳ್ಳೆಯದು ಅಂತ ತಾನೆ? ಕೈ ಕೆಟ್ಟಿತು ಅಂದರೆ? ಕೈಗುಣ ಹೋಯಿತು ಅಂತಾದರೆ ಈ ಅಟ್ಟದಲ್ಲಿ ನನಗೇನು ಕೆಲಸ? ಯೋಚನೆ ಬಂದದ್ದಕ್ಕೆ ಮೊದಲು ಭಯವಾಯಿತು. ಆಮೇಲೆ ತಟ್ಟೆಗಳನ್ನು ದೂಡುವ ಕೋಲು ತೆಗೆದುಕೊಂಡು ತಲೆಯ ಮೇಲಿನ ಹೆಂಚನ್ನು ಮೆಲ್ಲಗೆ ಎತ್ತಿ, ಪಕ್ಕದ ಹೆಂಚಿನ ಮೇಲೆ ಸರಿಸಿದಳು.

ಬಿಸಿಲು ದಬಕ್ಕನೆ ಒಳಗೆ ಬಿತ್ತು. ಅವಳು ಕಣ್ಣು ಮುಚ್ಚಿಕೊಂಡಳು. ತೆರೆದಾಗ ಆಕಾಶ ಕಂಡಿತು, ಒಂದು ತೆಂಗಿನ ತಲೆ ಕಂಡಿತು, ಇನ್ನೊಂದು ಹೆಂಚು ಸರಿಸಿದ ಮೇಲೆ ಕಾವೇರಿಯ ನೀರು ಒಂದು ಪಟ್ಟಿಯಷ್ಟು ಕಂಡಿತು. ಮೂರು ವರ್ಷ ಇದರ ಸದ್ದು ಮಾತ್ರ ಕೇಳಿದ್ದೆನಲ್ಲ ಅಂದುಕೊಂಡಳು. ಆಮೇಲೆ ತಡೆಯಲಿಲ್ಲ. ಸಾಲಾಗಿ ಹೆಂಚು ಸರಿಸುತ್ತ ಹೋದಳು.

ಮಧ್ಯಾಹ್ನದ ಹೊತ್ತಿಗೆ ದ್ಯಾವಮ್ಮ ಏಣಿಯ ಅರ್ಧ ಹತ್ತಿ ಒಂದು ಲೋಟ ಮಜ್ಜಿಗೆ ಚಾಚಿದಳು. “ಅದೇನವ್ವ, ಇವತ್ತು ಅಟ್ಟ ಇಷ್ಟೊಂದು ಬೆಳಕಾಗದೆ?” ಅಂದಳು. “ಗಾಳಿ ಬರ್ಲಿ ಅಂತ,” ಅಂದಳು ಅನಿತ. ದ್ಯಾವಮ್ಮ ಅಂಚಿನಲ್ಲಿದ್ದ ತಟ್ಟೆಯಿಂದ ಒಂದು ಸಿಪ್ಪೆ ಎತ್ತಿ ಮೂಸಿ, ಅಲ್ಲೇ ಇಟ್ಟು ಇಳಿದಳು. ಪಾಪ, ಅವಳಿಗೆ ಮುಚ್ಚುಮರೆ ಗೊತ್ತಿರಲಿಲ್ಲ, ಬೇರೆಯವರಿಗೆ ಇರುತ್ತದೆ ಅನ್ನುವುದೂ ಗೊತ್ತಿರಲಿಲ್ಲ.

ಎರಡನೇ ದಿನ ಸಂಜೆಗೆ ಸಿಪ್ಪೆಯ ಕೆಂಪು ಇಳಿದು ಒಣಗಿದ ಹುಲ್ಲಿನ ಬಣ್ಣಕ್ಕೆ ಬಂದಿತ್ತು. ಒಂದನ್ನು ಮುರಿದು ಮೂಗಿಗೆ ಹಿಡಿದಳು. ಎಲ್ಲೋ ದೂರದಲ್ಲಿ ಕಿತ್ತಳೆ ಇದ್ದ ಹಾಗೆ ಅನ್ನಿಸಿತು ಅಷ್ಟೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬಿಡುಗಡೆಯಾಯಿತು ಅಂತ ಸಂತೋಷ ಪಡಬೇಕಾದವಳು ತಟ್ಟೆಯ ಮುಂದೆ ಕೂತು ಸತ್ತವರ ಮನೆಯಲ್ಲಿ ಅತ್ತ ಹಾಗೆ ಅತ್ತಳು. ಕತ್ತಲಾಗುವ ಮುಂಚೆ ಹೆಂಚುಗಳನ್ನೆಲ್ಲ ಮತ್ತೆ ಕೂರಿಸಿದಳು.

ಅವರು ಬಂದ ಮಾರನೇ ದಿನವೇ ಅನಿತ ಮಾಲು ಆಯಿತು ಅಂದಳು. ಇಷ್ಟು ಬೇಗ ಹೇಗಾಯಿತು ಅಂತ ಸಣ್ಣಯ್ಯ ಕೇಳಲಿಲ್ಲ, ಸೊಸೆಯ ಕೈ ಅಂತ ಬೀಗಿದ. ಮಹದೇವಸ್ವಾಮಿಯವರು ಬಂದರು. ಬಿಳಿ ಪಂಚೆ ಎತ್ತಿಕೊಂಡು ಕೂತು, ಚೀಲಕ್ಕೆ ಕೈ ಹಾಕಿ ಒಂದು ಸಿಪ್ಪೆ ತೆಗೆದರು. ಮುರಿದರು, ಮೂಸಿದರು, ಒಂದು ಚೂರು ಅಗಿದು ಉಗಿದರು. ಅನಿತ ಬಾಗಿಲ ಹಿಂದೆ ನಿಂತಿದ್ದಳು.

“ಸಣ್ಣಯ್ಯ, ಇದು ನಿಮ್ಮ ಮನೆ ಮಾಲಲ್ಲ. ಏನೋ ಕಾವು ತಾಗಿದೆ. ಎಣ್ಣೆಯೆಲ್ಲ ಹಾರಿಹೋಗಿದೆ. ಇದನ್ನು ಪುಡಿ ಮಾಡಿ ನಾನು ಜನಕ್ಕೆ ಕೊಡೋಕಾಗುತ್ತಾ?”

ಸಣ್ಣಯ್ಯನ ಮುಖ ಸಪ್ಪೆಯಾಯಿತು. “ಅಟ್ಟಕ್ಕೆ ಕಾವು ಎಲ್ಲಿಂದ ಬತ್ತದೆ ಸ್ವಾಮಿಯೋರೆ? ಬಿಸ್ಲಿಲ್ಲ, ಬೆಂಕಿಯಿಲ್ಲ.” ಅವನ ಕಣ್ಣು ಪಕ್ಕದ ಮನೆಯ ಕಡೆ ತಿರುಗಿತು. “ಕೈ ಬದ್ಲಾಗದೆ. ಬ್ಯಾರೆ ಕೈ ಕಾವು ತಗುಲ್ಬುಟ್ಟದೆ. ಲೇ ರಾಮ, ಆ ದ್ಯಾವಿನ ಕರಿಯೋ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ದ್ಯಾವಮ್ಮ ಮಜ್ಜಿಗೆ ಕಡೆಯುತ್ತಿದ್ದ ಕೈ ಒರೆಸಿಕೊಂಡೇ ಬಂದಳು. ಅಟ್ಟ ಹತ್ತಿದ್ಯಾ ಅಂತ ಕೇಳಿದರೆ, ಮಜ್ಜಿಗೆ ಕೊಡೋಕೆ ಅರ್ಧ ಹತ್ತಿದ್ದೆ ಅಂದಳು. ಸಿಪ್ಪೆ ಮುಟ್ಟಿದ್ಯಾ ಅಂದರೆ, “ಒಂದೇ ಒಂದ ಮೂಸ್ದೆ ಕಣಣ್ಣ, ಅಲ್ಲೇ ಮಡಗ್ಬುಟ್ಟೆ,” ಅಂದಳು.

ಅಷ್ಟು ಸಾಕಾಯಿತು. ಸಣ್ಣಯ್ಯ ಬೀದಿಗೆ ಕೇಳುವ ಹಾಗೆ ಕೂಗಾಡಿದ. ಇನ್ನು ಮೇಲೆ ಈ ಹೊಸಿಲು ತುಳಿಯಬೇಡ ಅಂದ. ಅಲ್ಲಿಗೆ ಬಂದು ನಿಂತಿದ್ದ ಹೆಂಗಸರು ದ್ಯಾವಮ್ಮನ ಕೈ ನೋಡಿದರು. ಮಜ್ಜಿಗೆ ಮಾರುವವಳ ಕೈಗೆ ಕೆಟ್ಟ ಹೆಸರು ಬಂದರೆ ಅವಳ ಅನ್ನ ಹೋದ ಹಾಗೆ. ದ್ಯಾವಮ್ಮ ಎರಡು ಕೈಯನ್ನೂ ಸೆರಗಿನೊಳಗೆ ಸೇರಿಸಿಕೊಂಡಳು.

ಅದನ್ನು ನೋಡಿ ಅನಿತಳಿಗೆ ತಡೆಯಲಾಗಲಿಲ್ಲ. ಬಾಗಿಲ ಹಿಂದಿಂದ ಅಂಗಳಕ್ಕೆ ಬಂದಳು.

“ಮಾವ, ದ್ಯಾವಮ್ಮತ್ತೆ ಏನೂ ಮಾಡ್ನಿಲ್ಲ. ನಾನೇ ಎಂಚು ಸರ್ಸಿ ಬಿಸ್ಲು ಬುಟ್ಟೆ.”

ನಿಂತಿದ್ದವರೆಲ್ಲ ಅವಳ ಕಡೆ ತಿರುಗಿದರು. ಆಮೇಲೆ ಸಣ್ಣಯ್ಯ ನಕ್ಕ. ಕೋಪವೆಲ್ಲ ಇಳಿದು, ಹೆಮ್ಮೆಯಿಂದ ನಕ್ಕ.

“ನೋಡುದ್ರಾ ಸ್ವಾಮಿಯೋರೆ, ಪಕ್ಕದ್ ಮನೆಯವಳ ಮರ್ವಾದೆ ಉಳ್ಸಾಕೆ ಎಂಗ್ ಸುಳ್ ಯೇಳ್ತಾವ್ಳೆ. ಏಳ್ ತಿಂಗ್ಳು ಬಸ್ರಿ ಎಂಗ್ಸು ಎಂಚು ಎತ್ತಾಳಾ?”

ಏಳು ತಿಂಗಳ ಬಸುರಿ ಒಂದು ಹೆಂಚು ಎತ್ತಲಾರಳು ಅಂತ ಅಲ್ಲಿದ್ದವರೆಲ್ಲ ಒಪ್ಪಿದರು. ದಿನಾ ಏಣಿ ಹತ್ತಿ ತಟ್ಟೆ ಎತ್ತುತ್ತಿದ್ದಾಳಲ್ಲ ಅಂತ ಯಾರಿಗೂ ಹೊಳೆಯಲಿಲ್ಲ. “ನಾನೇ ಮಾವ, ಆಣೆಗೂ ನಾನೇ,” ಅಂದಳು ಅನಿತ. ಎಷ್ಟು ಹೇಳಿದರೆ ಅಷ್ಟು ಒಳ್ಳೆಯವಳಾದಳು. ಮಹದೇವಸ್ವಾಮಿಯವರು ಕೂಡ ಇಂಥ ಸೊಸೆ ಸಿಗಲು ಪುಣ್ಯ ಮಾಡಿರಬೇಕು ಅಂದರು. ಶಿವರಾತ್ರಿಯ ಹೊತ್ತಿಗೆ ಬೇರೆ ಮಾಲು ಆದರೆ ಸಾಕು, ಆದರೆ ಈಕೆಯ ಕೈ ಬಿಟ್ಟು ಬೇರೆ ಕೈ ತಗುಲಬಾರದು ಅಂತ ಹೇಳಿ ಹೊರಟರು. ಶಿವರಾತ್ರಿಗೆ ಅನಿತಳಿಗೆ ಎಂಟು ನಡೆಯುತ್ತಿರುತ್ತದೆ.

ಆ ರಾತ್ರಿ ಅವಳು ಉಣ್ಣಲಿಲ್ಲ. ತಾನೇ ಹೆಣೆದ ಬುಟ್ಟಿಯೊಳಗೆ ತಾನೇ ಕೂತು ಮುಚ್ಚಳ ಹಾಕಿಕೊಂಡ ಹಾಗಾಗಿತ್ತು. ಕೆಟ್ಟರೆ ಬಿಡುತ್ತಾರೆ ಅಂದುಕೊಂಡಿದ್ದಳು, ಈಗ ಇನ್ನೂ ಬಿಗಿಯಾಗಿ ಹಿಡಿದುಕೊಂಡರು. ಜೊತೆಗೆ ಒಬ್ಬ ನಿರಪರಾಧಿಯ ಅನ್ನಕ್ಕೂ ಮಣ್ಣು ಹಾಕಿದ್ದಾಯಿತು.

ಬೆಳಿಗ್ಗೆ ರಾಮು ಹೊಸ ಸಿಪ್ಪೆ ತರಲು ಮೈಸೂರಿಗೆ ಹೋದ. ಸಣ್ಣಯ್ಯ ಹೊಳೆಯ ಕಡೆ ಹೋದ. ಅನಿತ ಅಟ್ಟದಲ್ಲಿ ಖಾಲಿ ತಟ್ಟೆ ಒರೆಸುತ್ತಿದ್ದಾಗ ಏಣಿ ಕಿರುಗುಟ್ಟಿತು. ಒಂದು ಮೆಟ್ಟಿಲಿಗೊಂದು ಸಲ ನಿಂತು, ಉಸ್ಸಪ್ಪಾ ಅನ್ನುತ್ತ, ಸಿದ್ದಲಿಂಗಮ್ಮ ಹತ್ತಿ ಬಂದಳು. ಮೂರು ವರ್ಷದಲ್ಲಿ ಅವಳು ಅಟ್ಟಕ್ಕೆ ಬಂದದ್ದು ಅದೇ ಮೊದಲು. ಬಂದವಳು ಸೊಸೆಯ ಮುಖ ನೋಡಲಿಲ್ಲ, ನೆಲ ನೋಡಿದಳು. ಮೂಲೆಯ ತಟ್ಟೆಯಲ್ಲಿ ನಾಲ್ಕಾಣೆಯಷ್ಟಗಲದ ಬಿಸಿಲು ಬಿದ್ದಿತ್ತು. ಸಿದ್ದಲಿಂಗಮ್ಮ ಅದಕ್ಕೆ ಅಂಗೈ ಒಡ್ಡಿದಳು.

“ಎಂಚು ಸರ್ಯಾಗ್ ಕೂರ್ನಿಲ್ಲ,” ಅಂದಳು.

ಅನಿತ ತಟ್ಟೆ ಒರೆಸುತ್ತಲೇ ಇದ್ದಳು.

“ನಿನ್ನೆನೇ ಗೊತ್ತಾಯ್ತು ನಂಗೆ. ಕೈ ಕಾವಂತೆ ಕೈ ಕಾವು. ಬಿಸ್ಲು ಬಿದ್ದ ಸಿಪ್ಪೆ ಎಂಗಿರ್ತದೆ ಅಂತ ನಂಗ್ ಗೊತ್ತಿಲ್ವಾ?” ಸೆರಗಿನ ತುದಿಯಿಂದ ಒಂದು ಬಿಳುಚಿದ ಸಿಪ್ಪೆ ಬಿಚ್ಚಿ ಸೊಸೆಯ ಮುಂದೆ ಒಗೆದಳು. ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ಇದೇನ್ ಪಾಪ ಮಾಡಿತ್ತಮ್ಮಿ ನಿಂಗೆ?”

“ನನ್ ಮಗು ಏನ್ ಪಾಪ ಮಾಡ್ಯದೆ ಅತ್ತೆ?” ಅಂದಳು ಅನಿತ. ಅಂದ ಮೇಲೆ ತಾನೇ ಹೆದರಿದಳು. ಅತ್ತೆಗೆ ಅವಳು ಎದುರು ಮಾತಾಡಿದ್ದು ಅದೇ ಮೊದಲು.

ಸಿದ್ದಲಿಂಗಮ್ಮ ಮಂಡಿ ಹಿಡಿದುಕೊಂಡು ಮೆಲ್ಲಗೆ ಕೂತಳು. ಆ ಬಿಸಿಲಿನ ಚೂರನ್ನೇ ನೋಡಿದಳು.

“ರಾಮ ಉಟ್ಟಿದ್ದು ಎಲ್ಲಿ ಗೊತ್ತಾ? ಈ ಏಣಿ ಬುಡದಲ್ಲಿ. ನೋವು ಬಂದು ಇಳೀತಿದ್ದೆ, ಒಳಿಕೆ ಓಗಾಕೂ ಆಗ್ನಿಲ್ಲ. ನಮ್ಮವ್ವ ಬೆಳಗೊಳದಿಂದ ಗಾಡಿ ಕಟ್ಕಂಡು ಎರಡು ಸಲ ಬಂದಿದ್ಲು ಕರ್ಕಂಡ್ ಓಗಾಕೆ. ಇಲ್ಲೇ ಬೆಳಗೊಳ, ಕೂಗುದ್ರೆ ಕೇಳ್ತದೆ. ಕಳಿಸ್ನಿಲ್ಲ ನಮ್ಮತ್ತೆ. ಸಿಪ್ಪೆ ಅರಡಿದ್ದೆ ನಾನು.”

“ಮತ್ತೆ ಮೊನ್ನೆ ನಮ್ಮವ್ವ ಬಂದಾಗ ನೀವ್ ಯಾಕೆ ಒಂದ್ ಮಾತ್ ಆಡ್ನಿಲ್ಲ?”

“ಆಡ್ಬೇಕಿತ್ತು,” ಅಂದಳು ಸಿದ್ದಲಿಂಗಮ್ಮ. “ನಿನ್ನ ಇಳ್ಸುದ್ರೆ ನಾನ್ ಅತ್ಬೇಕು. ಅದುಕ್ಕೇ ಆಡ್ನಿಲ್ಲ.”

ಇಷ್ಟು ನೇರವಾಗಿ ಯಾರೂ ಆ ಮನೆಯಲ್ಲಿ ಮಾತಾಡಿದ್ದನ್ನು ಅನಿತ ಕೇಳಿರಲಿಲ್ಲ.

“ದ್ಯಾವಿ ಕಥೆ ಏನ್ ಮಾಡ್ತೀಯ?”

“ನಿಜ ಯೇಳ್ದೆ. ಯಾರೂ ನಂಬ್ನಿಲ್ಲ.”

“ನಿಜ ಯೇಳುದ್ರೆ ಯಾರ್ ನಂಬ್ತಾರೆ? ನಂಬಾ ಅಂತದ್ದ ಯೇಳ್ಬೇಕು.” ಸಿದ್ದಲಿಂಗಮ್ಮ ಕೋಲು ತೆಗೆದುಕೊಂಡು ಕೂತಲ್ಲಿಂದಲೇ ಹೆಂಚನ್ನು ತಟ್ಟಿ ಸರಿಯಾಗಿ ಕೂರಿಸಿದಳು. ಒಂದೇ ಏಟಿಗೆ ಕೂತಿತು. ಒಳಗಿನಿಂದ ಹೆಂಚು ಕೂರಿಸುವುದು ಆ ಕೈಗೆ ಹೊಸದಲ್ಲ ಅಂತ ಅನಿತ ಗಮನಿಸಿದಳು.

ಮಧ್ಯಾಹ್ನ ಸಣ್ಣಯ್ಯ, ರಾಮು ಊಟಕ್ಕೆ ಕೂತಿದ್ದರು. ಮುದ್ದೆ ಬಡಿಸಿ, ಉಪ್ಪುಸಾರು ಹಾಕಿ, ಸಿದ್ದಲಿಂಗಮ್ಮ ಎದುರಿಗೇ ನಿಂತಳು.

“ನಾಳೆ ಅನಿತನ್ನ ಅವರೂರ್ಗೆ ಬುಟ್ ಬರ್ಲಿ ರಾಮ. ಅವಳ ಕೈ ಕೆಟ್ಟೋಗದೆ.”

“ಯಾರ್ ಕೈ ಕೆಟ್ಟಿದ್ದು? ಅದು ದ್ಯಾವಿ ಕೈ.”

“ದ್ಯಾವಿ ಕೈ ಅಲ್ಲ. ಏಳು ತುಂಬ್ತಿದ್ದಂಗೆ ಬಸ್ರಿ ಮೈಯೆಲ್ಲ ಕಾವು ಆಯ್ತದೆ. ಆ ಕಾವು ಕೈಗಿಳೀತದೆ. ಅಂತಾ ಕೈ ಮುಟ್ಟಿದ ಸಿಪ್ಪೆ ನಿಲ್ಲಕಿಲ್ಲ. ಇನ್ನೂ ಮುಟ್ಟಿಸುದ್ರೆ ಮುಂದ್ಲ ಮಾಲೂ ಇಂಗೇ ಆಗದು.”

“ಇದ್ಯಾವ್ ಸಾಸ್ತ್ರ? ಇಷ್ಟ್ ವರ್ಸ ನಾನ್ ಕೇಳೇ ಇಲ್ಲ.”

“ನೀವ್ ಯಾವತ್ ಬಸ್ರಿ ಆಗಿದ್ರಿ ಕೇಳಾಕೆ?”

ರಾಮುವಿಗೆ ಮುದ್ದೆ ಗಂಟಲಿಗೆ ಸಿಕ್ಕಿತು. ಸಣ್ಣಯ್ಯ ಬಿಡಲಿಲ್ಲ. “ನೀನು ರಾಮನ್ ಬಸ್ರೀಲಿ ಒಣಗಿಸ್ನಿಲ್ವಾ? ಆಗೇನಾಗಿತ್ತು?”

“ಒಣಗಿಸ್ದೆ. ಆ ವರ್ಸದ ಮಾಲು ಏನಾಯ್ತು, ಒಸಿ ಗೆಪ್ತಿ ಮಾಡ್ಕಳಿ.”

ಸಣ್ಣಯ್ಯನ ಕೈ ತಟ್ಟೆಯಲ್ಲೇ ನಿಂತಿತು. ಅವನಿಗೆ ಜ್ಞಾಪಕ ಬಂತು. “ಆ ವರ್ಸ ಎಲ್ಲ ವಾಪಸ್ ಬಂದಿತ್ತು,” ಅಂದ ನಿಧಾನವಾಗಿ. “ಬಿಳ್ಚಕಂಡು. ಕಸ ಗುಡ್ಸಾಕ್ ಬತ್ತಿದ್ಲಲ್ಲ ಚಲುವಮ್ಮ, ಅವಳ ಕೈ ತಗುಲ್ತು ಅಂತ ಅವ್ವ ಅವಳನ್ನ ಓಡಿಸಿದ್ಲು.”

“ಚಲುವಮ್ಮನ ಕೈ ಅಲ್ಲ ಅದು,” ಅಂದಳು ಸಿದ್ದಲಿಂಗಮ್ಮ. “ನನ್ ಕೈ.”

ಅವಳ ದನಿ ಸ್ವಲ್ಪವೂ ಅಲುಗಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅನಿತ ಅತ್ತೆಯ ಕೈಯನ್ನೇ ನೋಡಿದಳು. ಬಸುರಿಯ ಕೈ ಕಾವಿನ ಮಾತನ್ನು ಸಣ್ಣಯ್ಯ ಕೇಳಿಸಿಕೊಂಡ, ನಂಬಿದ. ಅದರೊಳಗೆ ಇನ್ನೊಂದು ಮಾತಿತ್ತು, ಅದು ಅನಿತಳಿಗೊಬ್ಬಳಿಗೇ ಕೇಳಿಸಿತು. ಹೊಟ್ಟೆಯಲ್ಲಿ ರಾಮುವನ್ನು ಇಟ್ಟುಕೊಂಡು ಈಕೆಯೂ ಒಂದು ದಿನ ಇದೇ ಕೋಲಿನಿಂದ ಇದೇ ಹೆಂಚು ಎತ್ತಿದ್ದಳು. ಎತ್ತಿಯೂ ಹೋಗಲಾಗಲಿಲ್ಲ, ಬಡ ಹೆಂಗಸೊಬ್ಬಳ ಅನ್ನ ಕಳೆದದ್ದಷ್ಟೇ ಬಂದ ಭಾಗ್ಯ. ಅಷ್ಟು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಾಳಿದ್ದಳು.

“ಈ ಮಾಲಿಗೆ ಏನ್ ಮಾಡದು ಮತ್ತೆ?” ಸಣ್ಣಯ್ಯ ಕೇಳಿದ.

“ನಾನ್ ಅತ್ತೀನಿ.”

“ನಿನ್ ಮಂಡಿ?”

“ಮಂಡಿ ನಂದು.”

ಸಂಜೆ ಸಿದ್ದಲಿಂಗಮ್ಮ ತಾನೇ ಚೊಂಬು ಹಿಡಿದು ದ್ಯಾವಮ್ಮನ ಮನೆಗೆ ಹೋದಳು. ಬೀದಿಯ ಹೆಂಗಸರೆಲ್ಲ ನೋಡುವ ಹಾಗೆ ಜಗಲಿಯ ಮೇಲೆ ಕೂತು, ಮಜ್ಜಿಗೆ ಕೊಡು ಅಂತ ಕೇಳಿ ಅಲ್ಲೇ ಕುಡಿದಳು. ದ್ಯಾವಮ್ಮ ಇನ್ನೊಂದಿಷ್ಟು ಹಾಕಿದಳು. ಅದನ್ನೂ ಕುಡಿದಳು. ಅನಿತ ಕತ್ತಲಾದ ಮೇಲೆ ಹಿತ್ತಲಿನಿಂದ ಹೋಗಿ ದ್ಯಾವಮ್ಮನ ಕೈ ಹಿಡಿದುಕೊಂಡಳು. “ಅಳ್ಬ್ಯಾಡ ಓಗು ಮಗಳೆ, ನಿಂಗ್ ಓಗಾಕ್ ಸಿಕ್ತಲ್ಲ,” ಅಂದಳು ದ್ಯಾವಮ್ಮ. ಅವಳಿಗೆ ಎಷ್ಟು ಗೊತ್ತಾಗಿತ್ತೋ.

ಮಾರನೇ ದಿನ ಬೆಳಿಗ್ಗೆ ನಾಗಮಂಗಲದ ಬಸ್ಸಿಗೆ ಹೊರಡಬೇಕು, ಅಲ್ಲಿಂದ ಬಿಂಡಿಗನವಿಲೆಗೆ ಇನ್ನೊಂದು ಬಸ್ಸು. ರಾಮು ಚೀಲ ಹಿಡಿದು ಬೀದಿಯಲ್ಲಿ ನಿಂತಿದ್ದ. ಅತ್ತೆಯ ಕಾಲಿಗೆ ಬೀಳೋಣ ಅಂತ ಅನಿತ ಒಳಗೆ ಬಂದರೆ ಸಿದ್ದಲಿಂಗಮ್ಮ ಆಗಲೇ ಏಣಿಯ ಮೇಲಿದ್ದಳು. ಸೊಂಟಕ್ಕೆ ಸಿಪ್ಪೆಯ ಬುಟ್ಟಿ, ಒಂದು ಕೈಯಲ್ಲಿ ಬಸುರಿ ಸೊಸೆಗೆಂದು ಕಟ್ಟಿಸಿದ್ದ ಹಗ್ಗ. ನಾಲ್ಕು ಮೆಟ್ಟಿಲು ಹತ್ತಿ ನಿಂತು, ಉಸಿರು ತೆಗೆದು, ಮತ್ತೆ ಹತ್ತುತ್ತಿದ್ದಳು. ಬುಟ್ಟಿಯಿಂದ ಒಂದು ಸಿಪ್ಪೆ ಜಾರಿ ಅನಿತಳ ಕಾಲ ಬಳಿ ಬಿತ್ತು. ಅವಳ ಕೈ ತಾನಾಗಿಯೇ ಅದರ ಕಡೆ ಹೋಯಿತು.

“ಮುಟ್ಬ್ಯಾಡ.”

ಅನಿತ ಕೈ ಹಿಂದಕ್ಕೆಳೆದುಕೊಂಡಳು.

ಸಿದ್ದಲಿಂಗಮ್ಮ ಅಟ್ಟದೊಳಗೆ ಹೋದಳು. ತಟ್ಟೆ ಎಳೆಯುವ ಸದ್ದು ಬಂತು, ಆಮೇಲೆ ಸಿಪ್ಪೆ ಹರಡುವ ಸದ್ದು. ಇನ್ನು ಅವಳು ಇಳಿಯುವ ಹಾಗಿಲ್ಲ, ಕಾಲಿಗೆ ಬೀಳುವ ಹಾಗೂ ಇಲ್ಲ. ಅನಿತಳಿಗೆ ಸಂತೋಷವಾಗಿತ್ತು, ಆ ಸಂತೋಷಕ್ಕೆ ನಾಚಿಕೆಯೂ ಆಗುತ್ತಿತ್ತು. ಮಗು ಎತ್ತಿಕೊಂಡು ತಾನು ವಾಪಸ್ಸು ಬರುವುದು ಇದೇ ಏಣಿಯ ಬುಡಕ್ಕೆ ಅನ್ನುವುದೂ ಗೊತ್ತಿತ್ತು. ಏಣಿಯ ಕೆಳಗಿನ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

“ಅತ್ತೆ, ಓಗ್ಬತ್ತೀನಿ.”

ಮೇಲೆ ಸದ್ದು ನಿಂತಿತು.

“ಎಣ್ಣಾದ್ರೆ,” ಅಂತ ಕತ್ತಲೊಳಗಿಂದ ದನಿ ಬಂತು, “ಅವಳ್ ಕೈ ಚೆಂದಾಗದೆ ಅಂತ ಯಾರ್ಗೂ ಯೇಳ್ಬ್ಯಾಡ.”

ಮತ್ತೆ ಸಿಪ್ಪೆ ಹರಡುವ ಸದ್ದು ಶುರುವಾಯಿತು. ಅನಿತ ಹೊರಗೆ ಬಂದಳು. ಬೀದಿಯ ಬಿಸಿಲಿಗೆ ಕಣ್ಣು ಕುಕ್ಕಿತು.

“ಅವ್ವ ಏನಂದ್ಲು?” ರಾಮು ಚೀಲ ಹೆಗಲಿಗೇರಿಸುತ್ತ ಕೇಳಿದ.

“ಜೋಪಾನ ಅಂದ್ರು,” ಅಂದಳು ಅನಿತ.